ಮೋಟರ್ ಯಾಕೆ ನಿಂತಿತು?

ಮರ ಕೆತ್ತುವ ಯಂತ್ರ ಅಂದ ಕೂಡಲೇ ದೊಡ್ಡದೇನೋ ಅಂದ್ಕೋಬೇಡಿ. ನನ್ನದು ಹವ್ಯಾಸಿಗಳು ಇಟ್ಟುಕೊಳ್ಳುವ "3018". ಹಾಸು 30 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲ, ಅದಕ್ಕೇ ಆ ಹೆಸರು. ಮೇಜಿನ ಒಂದು ಮೂಲೆಯಲ್ಲಿ ಕೂರುತ್ತೆ. ಮೂರು ಸ್ಟೆಪ್ಪರ್ ಮೋಟರುಗಳು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಓಡಾಡಿಸುತ್ತವೆ. ನಾಲ್ಕನೆಯದು 775 ಅನ್ನೋ ಡಿ.ಸಿ. ಮೋಟರ್, ಬಿಟ್ ತಿರುಗಿಸಿ ಮರ ಕೊರೆಯೋದು ಅದೇ. ಮೊನ್ನೆ ಕೈಕೊಟ್ಟಿದ್ದು ಈ ನಾಲ್ಕನೆಯದು.

ಬೇರೆ ಮರ ಆಗಿದ್ದರೆ ತಲೆ ಕೆಡಿಸಿಕೊಳ್ತಿರಲಿಲ್ಲ. ಇದು ಸಾಗರದ ಹತ್ತಿರದ ನಮ್ಮ ಅಜ್ಜನ ಮನೆಯ ಹಲಸಿನ ಬಾಗಿಲಿನ ಹಲಗೆ. ಮನೆ ಬಿಚ್ಚಿದಾಗ ಗೆದ್ದಲು ಬಿಟ್ಟಿದ್ದು ಇದೊಂದನ್ನೇ. ಅದರಲ್ಲಿ "ನೆರಳು" ಅಂತ ಮನೆ ಹೆಸರು ಕೆತ್ತಿ ಬಾಗಿಲ ಪಕ್ಕ ಹಾಕು ಅಂತ ಅಮ್ಮನ ಆಸೆ. (ನಮ್ಮ ಲಿಪಿ ಈ ಯಂತ್ರಕ್ಕೆ ಹೇಳಿ ಮಾಡಿಸಿದ ಹಾಗಿದೆ. ದುಂಡಗಿನ ಬಿಟ್‌ಗೆ ಒಳಮೂಲೆಗಳನ್ನು ಚೂಪಾಗಿ ಕೊರೆಯೋಕೆ ಬರಲ್ಲ, ಕನ್ನಡದಲ್ಲಿ ಅಂಥ ಮೂಲೆಗಳೇ ಕಡಿಮೆ!)

"ನೆ" ಚೆನ್ನಾಗಿ ಬಂತು. "ರ" ಕೂಡ. "ಳು" ಸುತ್ತು ಹಾಕುವಾಗ ಗಂಟು ಸಿಕ್ತು, ಮೋಟರಿನ ಧ್ವನಿ ಇಳಿಯಿತು, ಮುಲುಗಿತು, ನಿಂತೇಬಿಟ್ಟಿತು. ಆದ್ರೆ ಯಂತ್ರ ನಿಲ್ಲಲಿಲ್ಲ. ಇದನ್ನು ನಡೆಸೋದು ಗ್ರಬ್ಲ್, 2009ರಲ್ಲಿ ನಾರ್ವೆಯವರೊಬ್ಬರು ಶುರುಮಾಡಿದ ಮುಕ್ತ ತಂತ್ರಾಂಶ. ಬಹಳ ಅಚ್ಚುಕಟ್ಟಾದದ್ದು, ಆದ್ರೆ ಅದು ಹೇಳುತ್ತೇ ಹೊರತು ಕೇಳಿಸಿಕೊಳ್ಳಲ್ಲ. ಬಿಟ್ ತಿರುಗ್ತಿದೆಯಾ ಇಲ್ವಾ ಅಂತ ನನ್ನ ಯಂತ್ರದಲ್ಲಿ ಅದಕ್ಕೆ ತಿಳಿಸುವವರು ಯಾರೂ ಇಲ್ಲ. ನಿಂತ ಬಿಟ್ಟನ್ನೇ ಸ್ಟೆಪ್ಪರುಗಳು ಎಳೆದುಕೊಂಡು ಹೊರಟವು. ನಾನು ಸ್ವಿಚ್ ಆರಿಸುವಷ್ಟರಲ್ಲಿ "ಟಕ್". ನಮ್ಮೂರ ಕಡೆಯ ಗುಡಿಗಾರರ ಉಳಿ ಗಂಟಿಗೆ ತಾಗಿದರೆ ಕೈ ತಾನಾಗೇ ತಡೆಯುತ್ತೆ. ಇದಕ್ಕೆ ಆ ಕೈ ಇಲ್ಲ.

"ಎಂತ ಆಯ್ತೋ?" ಅಂದರು ಅಮ್ಮ ಒಳಗಿಂದ. "ಬಿಟ್ ಮುರೀತಮ್ಮ, ಹಲಗೆಗೆ ಏನೂ ಆಗಿಲ್ಲ" ಅಂದೆ.

ಗೊತ್ತಿರುವವರನ್ನೆಲ್ಲ ಕೇಳಿದೆ. ಎಲ್ಲರದ್ದೂ ಒಂದೇ ಉತ್ತರ, "ಮೋಟರ್ ಹೋಗಿದೆ, ಬೇರೆ ಹಾಕು". ನನಗೆ ಈ ಸಲಹೆ ಅಂದ್ರೆ ಅಲರ್ಜಿ. ಕರೆಂಟು ಆರಿಸಿ ಕೈಯಲ್ಲಿ ತಿರುಗಿಸಿದೆ, ಸಲೀಸಾಗಿ ತಿರುಗಿತು. ಬಿಟ್ ಹಿಡಿಯುವ ಕಾಲೆಟ್ ಬಿಗಿಯಾಗೇ ಇತ್ತು. ಗ್ರಬ್ಲ್‌ನಲ್ಲಿ $30 ಅನ್ನೋ ಸೆಟ್ಟಿಂಗ್ ಇದೆ, ಮೋಟರಿನ ಗರಿಷ್ಠ ವೇಗ ಅದರಲ್ಲಿರುತ್ತೆ. ಅಲ್ಲಿ 10000 ಇದ್ದು ಪ್ರೋಗ್ರಾಮಿನಲ್ಲಿ S1000 ಇದ್ರೆ ಮೋಟರಿಗೆ ಸಿಗೋದು ಹತ್ತರಲ್ಲಿ ಒಂದು ಪಾಲು ಮಾತ್ರ. ನನ್ನದರಲ್ಲಿ ಎರಡೂ 1000, ಸರಿಯಾಗಿತ್ತು. ಎಲ್.ಇ.ಡಿ. ಪಟ್ಟಿಗೆ ಅಂತ ತಂದಿಟ್ಟಿದ್ದ ಇನ್ನೊಂದು 24 ವೋಲ್ಟಿನ ಸಪ್ಲೈಯನ್ನು ನೇರ ಮೋಟರಿಗೇ ಕೊಟ್ಟು, ಅದೇ ಹಲಗೆಯ ತುಂಡೊಂದರ ಗಂಟಿನ ಮೇಲೆ ಓಡಿಸಿದೆ. ನಿಲ್ಲಲೇ ಇಲ್ಲ! ಅಂದ್ರೆ ಮೋಟರ್ ನಿರಪರಾಧಿ.

ಹಾಗಾದ್ರೆ ದಾರಿಯಲ್ಲೆಲ್ಲೋ ಸೋರಿಕೆ ಇರಬೇಕು. ಸುಮ್ಮನೆ ತಿರುಗುವಾಗ ಮಲ್ಟಿಮೀಟರ್ ಹಿಡಿದರೆ ಸುಮಾರು 24 ವೋಲ್ಟು ತೋರಿಸಿ ನಿಮ್ಮನ್ನು ನಂಬಿಸಿಬಿಡುತ್ತೆ. ಮರ ಕಡಿಯುತ್ತಿರುವಾಗಲೇ ಅಳೀಬೇಕು. ಅಡಾಪ್ಟರಿನ ವೈರಿಗೆ ಎರಡು ಗುಂಡುಸೂಜಿ ಚುಚ್ಚಿದೆ (ಈ ವೋಲ್ಟೇಜಿಗೆ ಶಾಕ್ ಹೊಡೆಯಲ್ಲ, ಆದ್ರೆ ಸೂಜಿಗಳು ಒಂದಕ್ಕೊಂದು ತಾಗಬಾರದು). ಅಲ್ಲಿ 23.6. ಮೋಟರಿನ ತುದಿಯಲ್ಲಿ 18.9. ನಡುವಿನ 4.7 ವೋಲ್ಟು ಎಲ್ಲಿ ಹೋಯ್ತು? ಅಡಾಪ್ಟರಿನ ಪಿನ್ ಸಿಕ್ಕಿಸುವ ಸಾಕೆಟ್ ಮುಟ್ಟಿದೆ, ಬೆರಳು ಚುರ್ ಅಂತು. ಒಳಗಿನ ಪ್ಲಾಸ್ಟಿಕ್ ಆಗಲೇ ಕಂದಿತ್ತು. ಮೂರು ಆಂಪಿಯರ್ ಹರಿದರೂ ಅಷ್ಟು ವೋಲ್ಟಿಗೆ 14 ವ್ಯಾಟ್ ಶಾಖ, ಕಡಲೆಬೀಜದಷ್ಟು ಜಾಗದಲ್ಲಿ.

ಇಲ್ಲೊಂದು ವಿಷವರ್ತುಲ ಇದೆ ನೋಡಿ. ಗಂಟು ಸಿಕ್ಕಾಗ ಮೋಟರ್ ಹೆಚ್ಚು ಕರೆಂಟು ಎಳೆಯುತ್ತೆ. ಎಳೆದಷ್ಟೂ ಸಡಿಲ ಸಾಕೆಟ್ಟಿನಲ್ಲಿ ವೋಲ್ಟೇಜ್ ಬೀಳುತ್ತೆ, ಬಿದ್ದಷ್ಟೂ ವೇಗ ಕಡಿಮೆ. ಹಾಸು ಮಾತ್ರ ನಿಮಿಷಕ್ಕೆ 600 ಮಿ.ಮೀ. ಹಾಗೇ ಸಾಗ್ತಿರುತ್ತೆ. ನಿಮಿಷಕ್ಕೆ 8000 ಸುತ್ತು ಇದ್ದಾಗ ಎರಡು ಹಲ್ಲಿನ ಬಿಟ್ ಪ್ರತಿ ಕಚ್ಚಿಗೆ 0.04 ಮಿ.ಮೀ.ಗಿಂತ ಕಡಿಮೆ ತಿಂದರೆ, 3000ಕ್ಕೆ ಇಳಿದಾಗ 0.1 ತಿನ್ನಬೇಕು. ಸುಸ್ತಾದವನ ತಲೆ ಮೇಲೆ ಇನ್ನೊಂದು ಮೂಟೆ ಇಟ್ಟ ಹಾಗೆ. ಹಾಗಾಗಿ ನಿಧಾನ ಆಗೋಕೆ ಶುರುವಾದ ಮೋಟರ್ ನಿಂತೇ ನಿಲ್ಲುತ್ತೆ.

ಎಸ್.ಪಿ. ರಸ್ತೆಯಿಂದ ಸ್ಕ್ರೂ ಟರ್ಮಿನಲ್ ಮತ್ತು ದಪ್ಪ ವೈರು ತಂದೆ. ಸಾಕೆಟ್ ಕಿತ್ತು ಅದರ ಜಾಗಕ್ಕೆ ಟರ್ಮಿನಲ್ ಬೆಸುಗೆ ಹಾಕಿದೆ. ಹೊಸ ಮೋಟರಿನ ಬೆಲೆಯ ಮುಂದೆ ಇದು ಚಿಲ್ಲರೆ ಕಾಸು. ಈಗ ಗಂಟಿನ ಮೇಲೂ 22.8 ವೋಲ್ಟು ನಿಲ್ಲುತ್ತೆ. "ಳು"ಗೆ ಮಾತ್ರ ಪ್ರತಿ ಪದರದ ಆಳವನ್ನು 1 ಮಿ.ಮೀ.ನಿಂದ ಅರ್ಧಕ್ಕೆ ಇಳಿಸಿದೆ, ಅಜ್ಜನ ಬಾಗಿಲಿನ ಜೊತೆ ಹಟ ಬೇಡ ಅಂತ.

ಮುರಿದ ಬಿಟ್ಟಿನ ತುದಿಯನ್ನು ಇಕ್ಕುಳದಲ್ಲಿ ಕಿತ್ತಾಗ "ಳು" ಒಳಗೆ ಸಾಸಿವೆಯಷ್ಟು ಗುಳಿ ಉಳೀತು. ಮರದ ಪುಡಿಗೆ ಗೋಂದು ಕಲಸಿ ತುಂಬ್ತೀನಿ ಅಂದ್ರೆ ಅಮ್ಮ ಬೇಡ ಅಂದರು. ಅಜ್ಜನ ಬಾಗಿಲಲ್ಲಿ ಚಿಲಕ ಬಡಿದೂ ಬಡಿದೂ ಆದ ಗುಳಿ ಇದಕ್ಕಿಂತ ದೊಡ್ಡದಿತ್ತಂತೆ. ನಾಳೆ ಎಣ್ಣೆ ಹಚ್ಚಬೇಕು.