ಸಾಲು ಮುರಿದರೆ ಸಾಕೆ?

ಛಂದಸ್ಸು ಕವಿಯ ಕೈ ಕಟ್ಟುತ್ತದೆ, ಮುಕ್ತಛಂದ ಬಿಚ್ಚುತ್ತದೆ ಎಂಬ ಮಾತು ನಮ್ಮ ಕಾವ್ಯಚರ್ಚೆಗಳಲ್ಲಿ ತಡೆಯಿಲ್ಲದೆ ಓಡಾಡುತ್ತದೆ. ನನಗೆ ಅದು ಒಪ್ಪಿಗೆಯಾಗಿಲ್ಲ. ಭಾಮಿನಿ ಷಟ್ಪದಿಯನ್ನೇ ನೋಡಿ. ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆಗಳ ನಡೆ. ಮೊದಲೆರಡು ಸಾಲು 14 ಮಾತ್ರೆಗೆ ನಿಂತರೆ, ಮೂರನೆಯದು ಇನ್ನೊಂದು ಜೋಡಿ ಗಣವನ್ನೂ ಕೊನೆಗೊಂದು ಗುರುವನ್ನೂ ಕೂಡಿಸಿಕೊಂಡು 23ಕ್ಕೆ ಹೋಗುತ್ತದೆ, ಉಳಿದರ್ಧವೂ ಹಾಗೆಯೇ. ಮೇಲೆ ಆದಿಪ್ರಾಸ ಬೇರೆ. ಇಷ್ಟು ಬಿಗಿಯೊಳಗೇ ಕುಮಾರವ್ಯಾಸ ದ್ರೌಪದಿಯ ಸಂಕಟವನ್ನೂ ಉತ್ತರಕುಮಾರನ ಬಡಾಯಿಯನ್ನೂ ಆಡುಮಾತಿನ ಬಿಸಿಯಲ್ಲಿ ಹೇಳಿದ. ಅರ್ಥ ಸಾಲು ದಾಟಿ ಹರಿಯುತ್ತದೆ, ನಡೆ ತಪ್ಪುವುದಿಲ್ಲ. ಪ್ರಾಸಕ್ಕೆಂದು ಎಳೆತಂದ ಪದ, ಮಾತ್ರೆ ತುಂಬಲು ತುರುಕಿದ ವಿಶೇಷಣ ಹಳೆಯ ಕಾವ್ಯದಲ್ಲಿ ಬೇಕಾದಷ್ಟಿವೆ, ನಿಜ. 1911ರಲ್ಲಿ ಗೋವಿಂದ ಪೈ ಆದಿಪ್ರಾಸ ಬಿಟ್ಟದ್ದು ಸರಿಯಾಗಿಯೇ ಇತ್ತು. ಆದರೆ ಅವರು ಬಿಟ್ಟದ್ದು ಪ್ರಾಸವನ್ನು, ಲಯವನ್ನಲ್ಲ.

ಹಾಗಾದರೆ ವಚನ? 12ನೆಯ ಶತಮಾನದಲ್ಲೇ ಶರಣರು ಗಣ, ಮಾತ್ರೆಗಳ ಗೊಡವೆಯಿಲ್ಲದೆ ಬರೆಯಲಿಲ್ಲವೆ ಎಂದು ಕೇಳಬಹುದು. ತಾಳಮಾನದ ಲೆಕ್ಕ ತಮಗೆ ತಿಳಿಯದೆಂದು ಬಸವಣ್ಣನವರೇ ಹೇಳಿಕೊಂಡಿದ್ದಾರೆ. ಆದರೆ ವಚನವೊಂದನ್ನು ಬಾಯಿಬಿಟ್ಟು ಓದಿ. ಒಂದು ಮಾತು ಬರುತ್ತದೆ. ಅದರ ಜೋಡಿ ಮಾತು ಅದೇ ಕ್ರಿಯಾಪದದ ವರಸೆಯಲ್ಲಿ ಬರುತ್ತದೆ. ಮೂರನೆಯದು ತುಸು ಹೊರಳಿ, ಕೂಡಿಬಂದ ಭಾರವನ್ನೆಲ್ಲ ಅಂಕಿತದ ಮೇಲೆ ಇಳಿಸುತ್ತದೆ. ಆ ಅಂಕಿತವೂ ಎಲ್ಲರಲ್ಲಿ ಒಂದೇ ಕೆಲಸ ಮಾಡುವುದಿಲ್ಲ. ಬಸವಣ್ಣನವರ ಕೂಡಲಸಂಗಮದೇವ ಹಲವು ಕಡೆ ಮೊರೆ. ಅಕ್ಕನ ಚೆನ್ನಮಲ್ಲಿಕಾರ್ಜುನ ಗಂಡನನ್ನು ಕರೆಯುವ ಸಲಿಗೆ. ಅಲ್ಲಮನ ಗುಹೇಶ್ವರ ಬಂದ ಮೇಲೂ ಒಗಟು ಒಡೆಯದೆ ನಿಲ್ಲುತ್ತದೆ. ಅಂಕಿತ ತೆಗೆದು ಓದಿದರೆ ವಚನ ಮುಗಿಯುವುದೇ ಇಲ್ಲ, ಅರ್ಥ ಪೂರ್ತಿಯಾಗಿದ್ದರೂ. ಇದು ಕಟ್ಟಲ್ಲದೆ ಇನ್ನೇನು? ಗಣ ಹಾಕಿ ಅಳೆಯಲಾಗದ ಕಟ್ಟು, ಅಷ್ಟೆ. ಛಂದಶ್ಶಾಸ್ತ್ರ ಓದದವರಿಗೂ ಅದು ದಕ್ಕಿತು, ಏಕೆಂದರೆ ಗಾದೆ, ಒಗಟು, ಹಾಡುಗಳಲ್ಲಿ ಅವರ ಕಿವಿ ಪಳಗಿತ್ತು. 'ಭೂಮಿಗೀತ'ದ ಅಡಿಗರದೂ ಪಳಗಿದ ಕಿವಿಯೇ: 'ಭಾವತರಂಗ'ದಲ್ಲಿ ಹಾಡುಗಬ್ಬ ಕಟ್ಟಿ ಬಂದವರು, ಆಮೇಲೆ ಲಯವನ್ನು ಎಲ್ಲಿ ಮುರಿಯಬೇಕೋ ಅಲ್ಲಿ ಮುರಿದರು. ಕಟ್ಟಲು ಬಾರದವನು ಮುರಿದರೆ ಮುರಿದದ್ದೇ ಕೇಳಿಸುವುದಿಲ್ಲ.

ಓಲೆಗರಿಯಲ್ಲಿ ವಚನಗಳಿಗೆ ಸಾಲು ಬೇರೆ ಇರಲಿಲ್ಲ, ಒಂದೇ ಸಮನೆ ಬರೆದಿರುತ್ತಿದ್ದರು. ನಾವು ಕಾಣುವ ಸಾಲುಗಳು ಅಚ್ಚಿನ ಕಾಲದ ಸಂಪಾದಕರು ಬಿಡಿಸಿದವು. ಆದರೂ ಎಲ್ಲಿ ನಿಲ್ಲಬೇಕೆಂದು ಓದುವವನಿಗೆ ಗೊತ್ತಾಗುತ್ತದೆ. ಇಂದಿನ ಮುಕ್ತಛಂದದ ಪದ್ಯವೊಂದನ್ನು ಹಾಗೆ ಒಂದೇ ಸಮನೆ ಬರೆದು ಓದಿ ನೋಡಲಿ, ಬರೆದವರೇ.