ಮುಂದಿನ ನಾಲ್ಕು ಮೊಳ

ಕಾರ್ಕಳದ ಕಡೆಯ ವೃದ್ಧ ಶ್ರಾವಕರೊಬ್ಬರು ಮೊಮ್ಮಗನಿಗೆ ಬಾರಕೂರಿನ ಕತ್ತಲೆ ಬಸದಿಯನ್ನು ತೋರಿಸಲೆಂದು ಹೊರಟಿದ್ದರು. ಉಡುಪಿಯಿಂದ ಬಂದ ಬಸ್ಸು ಅವರಿಬ್ಬರನ್ನೂ ಬ್ರಹ್ಮಾವರದಲ್ಲಿ ಹೆದ್ದಾರಿಯ ಅಂಚಿಗೆ ಇಳಿಸಿತು. ಬಾರಕೂರಿನ ಬಸ್ಸು ಹಿಡಿಯಬೇಕಾದರೆ ರಾಷ್ಟ್ರೀಯ ಹೆದ್ದಾರಿ 66ರ ನಾಲ್ಕು ಪಥಗಳನ್ನೂ ದಾಟಿ ಆಚೆ ಬದಿಗೆ ಹೋಗಬೇಕು. ಹುಡುಗನ ಕೈಹಿಡಿದು ಅರ್ಧ ದಾಟಿ, ನಡುವಿನ ವಿಭಜಕದ ಬಳಿ ನಿಂತು, ಲಾರಿಗಳ ಸಾಲು ಸರಿಯುವವರೆಗೆ ಕಾದು, ಉಳಿದರ್ಧವನ್ನು ಓಡುತ್ತಲೇ ದಾಟಿದಾಗ ಹಿರಿಯರಿಗೆ ಏದುಸಿರು ಬಂದಿತ್ತು. ಆಗ ಹುಡುಗ ಕೇಳಿದ: “ಅಜ್ಜಾ, ಮುನಿಮಹಾರಾಜರು ವಿಹಾರ ಬಂದರೆ ಇಲ್ಲಿ ಹೇಗೆ ದಾಟುತ್ತಾರೆ?”

ಅಜ್ಜನಿಗೆ ಉತ್ತರ ಹೊಳೆಯಲಿಲ್ಲ. ಮಗುವಿನ ಪ್ರಶ್ನೆ ಧರ್ಮದ ಬೇರಿಗೇ ಮುಟ್ಟಿತ್ತು.

ಐದು ಸಮಿತಿಗಳಲ್ಲಿ ಮೊದಲನೆಯದು ಈರ್ಯಾ ಸಮಿತಿ. ಹಗಲಿನ ಬೆಳಕಿನಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಸಣ್ಣ ಜೀವಿಗೂ ನೋವಾಗದಂತೆ ಹೆಜ್ಜೆಯಿಡಬೇಕೆಂಬುದು ಅದರ ತಿರುಳು. ಇಂದಿನ ಹೆದ್ದಾರಿ ಬೇಡುವುದು ಇದಕ್ಕೆ ತೀರ ವಿರುದ್ಧವಾದುದನ್ನು. ಅಲ್ಲಿ ನೆಲ ನೋಡಿ ನಡೆಯುವವನಿಗೆ ಉಳಿವಿಲ್ಲ. ದೃಷ್ಟಿಯನ್ನು ದೂರದ ವಾಹನದ ಮೇಲಿಟ್ಟು ಓಡಬೇಕು. ದೇಶದ ಹಲವೆಡೆ ಮುನಿಗಳೂ ಸಾಧ್ವಿಯರೂ ವಿಹಾರಕಾಲದಲ್ಲಿ ವಾಹನ ಬಡಿದು ಪ್ರಾಣ ನೀಗಿದ್ದುಂಟು. ಸಮಿತಿಯ ಪೂರ್ಣ ಪಾಲನೆ ಮುನಿಗಳದೇ ಇರಬಹುದು. ಆದರೆ ನಡೆಯುವವನಿಗೆ ಇಷ್ಟು ಎಚ್ಚರವನ್ನು ವಿಧಿಸಿದ ಧರ್ಮವು ಹಾದಿಯನ್ನು ಕಟ್ಟುವವನಿಗೆ ಎಚ್ಚರ ಬೇಡವೆಂದೀತೆ? ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಡುತ್ತದೆ. ಪ್ರಮಾದವು ವಾಹನ ಚಾಲಕನಲ್ಲಿ ಮಾತ್ರವಲ್ಲ, ರಸ್ತೆಯ ನಕ್ಷೆಯಲ್ಲಿಯೂ ಇರಬಲ್ಲದು.

ಅವರು ನೋಡಹೊರಟ ಬಾರಕೂರು ಈ ಮಾತಿಗೆ ಒಳ್ಳೆಯ ನಿದರ್ಶನ. ಸೀತಾನದಿಯ ಬಳಿಯ ಈ ಪಟ್ಟಣವು ಆಳುಪರ ರಾಜಧಾನಿಯಾಗಿ, ವಿಜಯನಗರದ ಕಾಲದಲ್ಲಿ ಒಂದು ರಾಜ್ಯವಿಭಾಗದ ಕೇಂದ್ರವಾಗಿ ಮೆರೆಯಿತು. ಇಲ್ಲಿನ ಶಾಸನಗಳು ಹತ್ತು ಕೇರಿಗಳನ್ನೂ ಆ ಕೇರಿಗಳ ‘ಹಲರ’ನ್ನೂ ಹೆಸರಿಸುತ್ತವೆ. ಮೂಡುಕೇರಿ, ಕೋಟೆಕೇರಿ, ಚೌಳಿಕೇರಿ, ಮಣಿಗಾರಕೇರಿ ಎಂಬ ಹೆಸರುಗಳು ಇಂದಿಗೂ ಜನರ ಬಾಯಲ್ಲಿವೆ. ಕೇರಿಗೊಂದು ದೇವಾಲಯ, ಕೆರೆ. ದಾನಧರ್ಮದ ವಿಷಯಗಳಲ್ಲಿ ಸಾಕ್ಷಿಯಾಗಿ ನಿಲ್ಲಲು ಹಲರು. ಊರು ದೊಡ್ಡದಾದರೂ ಅದರ ಬಾಳು ಕಾಲ್ನಡಿಗೆಯ ಅಳತೆಯಲ್ಲಿತ್ತು. ಹಾಗೆಂದು ಆ ಕಾಲವನ್ನು ಹೊಗಳಿಯೇ ನಿಲ್ಲಲಾಗದು. ಹಿಂದಿನ ಕೇರಿಯ ಹಾದಿ ಎಲ್ಲರ ಪಾದಗಳಿಗೂ ತೆರೆದಿರಲಿಲ್ಲ. ಹಲರ ಸಾಲಿನಲ್ಲಿ ಎಲ್ಲರಿಗೂ ಪೀಠವಿರಲಿಲ್ಲ. ನಾವು ಮರಳಿ ಪಡೆಯಬೇಕಾದುದು ಕೇರಿಯ ಅಳತೆಯನ್ನೇ ಹೊರತು ಅದರ ಕಟ್ಟುಪಾಡನ್ನಲ್ಲ.

1997ರಲ್ಲಿ ಉಡುಪಿ ಜಿಲ್ಲೆ ರೂಪುಗೊಂಡಿತು. 2018ರ ಹೊತ್ತಿಗೆ ಕುಂದಾಪುರದ ಜೊತೆಗೆ ಬೈಂದೂರು, ಬ್ರಹ್ಮಾವರಗಳೂ ತಾಲೂಕು ಕೇಂದ್ರಗಳಾದವು. ಕಚೇರಿ ಬಂದಲ್ಲಿಗೆ ಅಂಗಡಿ, ವಸತಿಗೃಹ, ಬಡಾವಣೆಗಳು ಬರುವುದು ಸಹಜ. ಆದರೆ ಈ ಸೀಮೆಯ ಮನೆಗಳು ಒತ್ತೊತ್ತಾಗಿರದೆ ತೋಟ, ಗದ್ದೆ, ಹಾಡಿಗಳ ನಡುವೆ ಚದುರಿದಂಥವು. ಅವನ್ನು ಹೆಣೆದಿದ್ದುದು ಓಣಿ, ಗದ್ದೆಯಂಚು, ಕಾಲುಸಂಕಗಳೆಂಬ ಸಣ್ಣ ಹಾದಿಗಳು. ಗದ್ದೆ ನಿವೇಶನವಾದಾಗ ಅದರ ಅಂಚಿನ ಹಾದಿ ಯಾವ ದಾಖಲೆಯಲ್ಲೂ ಇಲ್ಲದೆ ಅಳಿದುಹೋಗುತ್ತದೆ. ಹತ್ತು ನಿಮಿಷದಲ್ಲಿ ಶಾಲೆ ಸೇರುತ್ತಿದ್ದ ಮಗು ಸುತ್ತುಬಳಸಿ ಹೆದ್ದಾರಿಗೆ ಬರಬೇಕಾಗುತ್ತದೆ. ಇನ್ನು ಉಳಿದ ಹಾದಿಗಳಾದರೂ ಸುರಕ್ಷಿತವೆ? 2022ರ ಮಳೆಗಾಲದಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ನೀರುಪಾಲಾದಳು. ಒಂದು ಕೈಪಿಡಿ, ಎರಡು ಅಡಿ ಹೆಚ್ಚಿನ ಅಗಲ, ಇಷ್ಟನ್ನು ಮೊದಲೇ ಮಾಡಿಸಲು ಕೋಟಿಗಳು ಬೇಕಿರಲಿಲ್ಲ. ಬ್ರಹ್ಮಾವರದಲ್ಲಿ ಜನರು ಸುರಕ್ಷಿತ ದಾಟುದಾರಿಗಾಗಿ ಬೀದಿಗಿಳಿಯಬೇಕಾಗಿ ಬಂದುದೂ ಇದೇ ಕಥೆಯ ಇನ್ನೊಂದು ಅಧ್ಯಾಯ.

ಹಾಗಾದರೆ ಹಾದಿಯನ್ನು ಕುರಿತು ಮಾತನಾಡಬೇಕಾದವರು ಯಾರು? ಅದರಲ್ಲಿ ದಿನವೂ ನಡೆಯುವವರು. 1993ರ ಕರ್ನಾಟಕ ಪಂಚಾಯತ್ ರಾಜ್ ಕಾನೂನಿನ ಕೆಳಗೆ ಹಳ್ಳಿಯ ಮತದಾರರಿಗೆಲ್ಲ ವಾರ್ಡ್ ಸಭೆ ಮತ್ತು ಗ್ರಾಮಸಭೆಗಳಲ್ಲಿ ಕುಳಿತು ಕಾಮಗಾರಿಗಳನ್ನು ಸೂಚಿಸುವ ಹಕ್ಕಿದೆ. ಆದರೆ ಊರು ಪಟ್ಟಣವಾದೊಡನೆ ಈ ಹಕ್ಕು ಕೈತಪ್ಪುತ್ತದೆ. ಸಂವಿಧಾನದ 74ನೇ ತಿದ್ದುಪಡಿಯು ವಾರ್ಡ್ ಸಮಿತಿಯನ್ನು ಕಡ್ಡಾಯಗೊಳಿಸಿರುವುದು ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯುಳ್ಳ ನಗರಗಳಿಗೆ ಮಾತ್ರ. ಕುಂದಾಪುರ ಪುರಸಭೆಯಾಗಲಿ ಬೈಂದೂರು ಪಟ್ಟಣ ಪಂಚಾಯತಿಯಾಗಲಿ ಆ ಅಂಕೆಯ ಹತ್ತಿರವೂ ಇಲ್ಲ. ಯೋಜನೆಯ ಅಗತ್ಯ ಹೆಚ್ಚುವ ಹೊತ್ತಿಗೇ ಜನರ ಸಭೆ ಇಲ್ಲವಾಗುವುದು ವಿಚಿತ್ರವಲ್ಲವೆ? ಕಾನೂನು ಕಡ್ಡಾಯ ಮಾಡದಿದ್ದರೇನು, ನೆರೆಹೊರೆಯವರು ಸೇರಿ ಮಾತನಾಡುವುದನ್ನು ಅದು ತಡೆದಿಲ್ಲ.

ಇಲ್ಲಿ ಬಸದಿ, ದೇವಾಲಯಗಳ ಆಡಳಿತ ಮಂಡಳಿಗಳಿಗೆ ವಿಶೇಷ ಹೊಣೆಯಿದೆ. ಊರಿನ ನಡುವೆ ಜಾಗವೂ ಜನರು ಸೇರುವ ಚಾವಡಿಯೂ ಇರುವುದು ಇವುಗಳಲ್ಲಿಯೇ. ವರ್ಷಕ್ಕೊಮ್ಮೆ ಒಂದು ಮಗುವನ್ನೂ ಒಬ್ಬ ವೃದ್ಧೆಯನ್ನೂ ಮುಂದಿಟ್ಟುಕೊಂಡು ಊರಿನ ಹಾದಿಗಳಲ್ಲಿ ನಡೆದರೆ ಸಾಕು. ಎಲ್ಲಿ ಚರಂಡಿಗೆ ಹಾಸುಗಲ್ಲಿಲ್ಲ, ಎಲ್ಲಿ ದೀಪವಿಲ್ಲ, ಎಲ್ಲಿ ಓಣಿ ಮುಚ್ಚಿದೆ ಎಂಬುದು ತಾನಾಗಿ ತಿಳಿಯುತ್ತದೆ. ಆ ಪಟ್ಟಿಯನ್ನು ಬರೆದು ಪಂಚಾಯತಿಗೂ ಪುರಸಭೆಗೂ ಒಪ್ಪಿಸಬೇಕು. ಆ ನಡಿಗೆಯಲ್ಲಿ ಜಾತಿಮತಗಳ ಎಣಿಕೆ ಬೇಡ. ಎಲ್ಲಕ್ಕೂ ಮೊದಲು, ತಮ್ಮದೇ ಗೋಡೆ ಯಾರ ಹಾದಿಯನ್ನಾದರೂ ಕಟ್ಟಿದೆಯೇ ಎಂದು ಮಂಡಳಿಗಳು ನೋಡಿಕೊಳ್ಳಬೇಕು.

ಕತ್ತಲೆ ಬಸದಿಯ ಕಲ್ಲುಕಂಬಗಳ ನಡುವೆ ಮೊಮ್ಮಗ ಸುತ್ತಾಡುತ್ತಿದ್ದಾಗ ಆ ಹಿರಿಯರ ಮನಸ್ಸು ಬೇರೆಡೆ ಇತ್ತು. ಅವರ ಊರಿನ ಬಸದಿಯ ಜಾಗಕ್ಕೆ ಆವರಣಗೋಡೆ ಕಟ್ಟಿಸುವ ಠರಾವಿಗೆ ತಿಂಗಳ ಹಿಂದಷ್ಟೆ ಅವರೂ ಸಹಿ ಹಾಕಿದ್ದರು. ಆ ಜಾಗದ ಮೂಲೆಯಲ್ಲಿ ಶಾಲೆಯ ಮಕ್ಕಳು ಹಾದುಹೋಗುವ ಒಂದು ಕಾಲುದಾರಿಯಿತ್ತು. ಅದು ಯಾರ ಹಕ್ಕೂ ಅಲ್ಲ, ಬರಿಯ ರೂಢಿ ಎಂದು ಸಭೆಯಲ್ಲಿ ಹೇಳಿದವರೂ ಅವರೇ. ಮುಂದಿನ ಸಭೆಯಲ್ಲಿ ಅವರು ಎದ್ದು ನಿಂತು, ತಮ್ಮ ಮಾತು ತಪ್ಪಾಗಿತ್ತೆಂದೂ ಗೋಡೆಯನ್ನು ನಾಲ್ಕು ಮೊಳ ಒಳಕ್ಕೆ ಸರಿಸಿ ಹಾದಿ ಬಿಡಬೇಕೆಂದೂ ಕೇಳಿಕೊಂಡರು. ಕೆಲವರು ಒಪ್ಪಿದರು, ಕೆಲವರು ಜಾಗ ಹೋಗುವುದೆಂದು ಮುನಿಸಿಕೊಂಡರು. ನಿರ್ಣಯ ಮುಂದಕ್ಕೆ ಹೋಯಿತು.

ಆದರೂ ಮೊಮ್ಮಗನ ಪ್ರಶ್ನೆಗೆ ಅಷ್ಟರಮಟ್ಟಿಗೆ ಅವರಲ್ಲಿ ಉತ್ತರವಿತ್ತು. ಹೆದ್ದಾರಿಯನ್ನು ತಿದ್ದುವುದು ಒಬ್ಬರ ಕೈಯಲ್ಲಿಲ್ಲ. ತಮ್ಮ ಮುಂದಿನ ನಾಲ್ಕು ಮೊಳ ನೆಲದ ಹೊಣೆ ಮಾತ್ರ ಪ್ರತಿಯೊಬ್ಬರದು.