ಚೆನ್ನಮ್ಮ ಯಾವ ಕನ್ನಡ ಮಾತಾಡ್ತಿದ್ದಳು?

ಅಕ್ಟೋಬರ್ ಬಂತು ಅಂದ್ರೆ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೋ ತಪ್ಪದೆ ಬಂದು ಬೀಳುತ್ತೆ. ಕಪ್ಪು-ಬಿಳುಪಿನಲ್ಲಿ ಬಿ. ಸರೋಜಾದೇವಿ, ಎದುರಿಗೆ ಬ್ರಿಟಿಷ್ ಅಧಿಕಾರಿ, ಕಪ್ಪ ಯಾಕೆ ಕೊಡಬೇಕು ಅಂತ ರಾಣಿ ಕಿಡಿ ಕಾರುವ ಆ ದೃಶ್ಯ. ಬೈಲಹೊಂಗಲ ಸೀಮೆಯ ನಮಗೆ ಅದು ಕಿತ್ತೂರು ಉತ್ಸವದ ತಿಂಗಳು. ಎಷ್ಟು ಸಲ ನೋಡಿದರೂ ಮೈ ಜುಮ್ಮೆನ್ನುತ್ತೆ, ಸುಳ್ಳು ಹೇಳಲ್ಲ.

ಜೊತೆಗೆ ಒಂದು ಪ್ರಶ್ನೆಯೂ ಏಳುತ್ತೆ. ಈ ರಾಣಿ ನಮ್ಮ ಸೀಮೆಯವಳು ತಾನೆ? ಮತ್ತೆ ನಮ್ಮಜ್ಜಿ ಥರ ಯಾಕೆ ಮಾತಾಡಲ್ಲ?

ಐತಿಹಾಸಿಕ ಸಿನಿಮಾಕ್ಕೆ ಯಾವಾಗಲೂ ಎರಡು ಇಸವಿ ಇರುತ್ತವೆ. ಕಥೆ ನಡೆದ ವರ್ಷ ಒಂದು, ಸಿನಿಮಾ ಮಾಡಿದ ವರ್ಷ ಇನ್ನೊಂದು. ನಾವು ಮೊದಲನೆಯದನ್ನಷ್ಟೇ ನೋಡ್ತೀವಿ. ಬಿ.ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ'ದ ಕಥೆ 1824ರದ್ದು, ಸಿನಿಮಾ 1961ರದ್ದು. 1956ರವರೆಗೆ ಕಿತ್ತೂರು ಇದ್ದದ್ದು ಮುಂಬೈ ರಾಜ್ಯದಲ್ಲಿ. ಏಕೀಕರಣವಾಗಿ ಆಗ ಐದೇ ವರ್ಷ. ಹಳೇ ಮೈಸೂರಿನವರಿಗೆ ಬೆಳಗಾವಿ ಕಡೆಯವರು ಹೊಸ ಬೀಗರಿದ್ದ ಹಾಗೆ. ಒಂದಾದ ನಾಡಿಗೆ ಎಲ್ಲರೂ ನಮ್ಮವಳು ಎನ್ನಬಹುದಾದ ಒಬ್ಬ ತಾಯಿ ಬೇಕಿತ್ತು. ಕನ್ನಡ ಸಿನಿಮಾಗಳು ಹೆಚ್ಚಾಗಿ ಮದ್ರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕಾಲ ಅದು. ಹಾಗಾಗಿ ಆ ತಾಯಿ ಯಾವ ಊರಿನದ್ದೂ ಅಲ್ಲದ ಪುಸ್ತಕದ ಕನ್ನಡ ಮಾತಾಡಿದಳು.

ಕಪ್ಪದ ಮಾತನ್ನೇ ತಗೊಳ್ಳಿ. ಕಿತ್ತೂರಿನ ಜಗಳದ ಮೂಲ ದತ್ತು ಪುತ್ರನ ವಿಷಯ. ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡರು. ಅವರ ದತ್ತು ಮಗನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲೇ ಅವನ ಕಥೆ ಮುಗಿಯಿತು. ಕಪ್ಪದ ಪ್ರಶ್ನೆ ಜೋರಾಗಿದ್ದದ್ದು ಅತ್ತ ತಮಿಳುನಾಡಿನ ಕಟ್ಟಬೊಮ್ಮನ್ ಕಥೆಯಲ್ಲಿ. 1959ರಲ್ಲಿ ಶಿವಾಜಿ ಗಣೇಶನ್ ಅವರನ್ನಿಟ್ಟು ಆ ಸಿನಿಮಾ ಮಾಡಿದವರೂ ಇದೇ ಪಂತುಲು! ಅಲ್ಲಿನ ಕಿಚ್ಚು ಇಲ್ಲಿಗೂ ಹಬ್ಬಿತು ಅಂತ ನನಗನ್ನಿಸುತ್ತೆ. ಇದು ದೂರಲ್ಲ. ದತ್ತಿನ ತಕರಾರಿಗೆ ಥಿಯೇಟರಿನಲ್ಲಿ ಶಿಳ್ಳೆ ಬೀಳಲ್ಲ. 'ಕೊಡಲ್ಲ' ಅನ್ನೋ ಮಾತಿಗೆ ಬೀಳುತ್ತೆ. ಸ್ವಾತಂತ್ರ್ಯ ಬಂದು 14 ವರ್ಷವಾಗಿದ್ದ ಜನಕ್ಕೆ ಅದು ಅವರದೇ ಮಾತಾಗಿತ್ತು.

ಇನ್ನೊಂದು ಉದಾಹರಣೆ 'ಮಯೂರ'. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದದ್ದು 1973ರಲ್ಲಿ. ಎರಡೇ ವರ್ಷಕ್ಕೆ ರಾಜ್‌ಕುಮಾರ್ ಕದಂಬರ ದೊರೆಯಾಗಿ ತೆರೆಗೆ ಬಂದರು. ಕಂಚಿಯಲ್ಲಿ ಅವಮಾನವಾಗಿ, ಬನವಾಸಿಯಲ್ಲಿ ರಾಜ್ಯ ಕಟ್ಟಿದವನ ಕಥೆಗೆ ಅದಕ್ಕಿಂತ ಒಳ್ಳೆ ಮುಹೂರ್ತ ಇತ್ತಾ?

ಕಿತ್ತೂರಿನ ಕಥೆ 2012ರಲ್ಲಿ ಮತ್ತೆ ದೊಡ್ಡದಾಗಿ ಬಂತು, ಅದೂ ರಾಜ್ಯೋತ್ಸವದ ದಿನವೇ. ಈ ಸಲ ನಡುವೆ ನಿಂತದ್ದು ರಾಣಿಯಲ್ಲ, ಸಂಗೊಳ್ಳಿ ರಾಯಣ್ಣ. ದರ್ಶನ್ ರಾಯಣ್ಣ, ಜಯಪ್ರದಾ ಚೆನ್ನಮ್ಮ. ಕಿತ್ತೂರು ಬಿದ್ದ ಮೇಲೂ ಹೋರಾಡಿ 1831ರಲ್ಲಿ ನಂದಗಡದಲ್ಲಿ ನೇಣಿಗೇರಿದವನ ಕಥೆ ಇತಿಹಾಸದಲ್ಲಿ ಮೊದಲೂ ಇತ್ತಲ್ಲ. ಆದರೆ ನಡುವಿನ 51 ವರ್ಷಗಳಲ್ಲಿ ನೋಡುವ ಕಣ್ಣು ಬದಲಾಗಿತ್ತು. ಒಂದು ಕಡೆ ಸ್ಟಾರ್, ಕಟೌಟು, ಅಭಿಮಾನಿ ಸಂಘಗಳ ಕಾಲ. ಇನ್ನೊಂದು ಕಡೆ, ಅರಮನೆಯಲ್ಲಿ ಹುಟ್ಟದವರ ಕಥೆಯನ್ನೂ ಹೇಳಿ ಅಂತ ಜನ ಕೇಳತೊಡಗಿದ್ದ ಕಾಲ.

ಇದೆಲ್ಲಾ ಸಿನಿಮಾದವರ ವಿಷಯ, ನಮಗೇನು ಅಂತೀರಾ? ಬೆಂಗಳೂರಿನ ಆಫೀಸಿನಲ್ಲಿ ನಾನು 'ಬರ್ರಿ, ಚಾ ಕುಡಿಯೂಣು' ಅಂದ್ರೆ, 'ಏಯ್, ಸಿನಿಮಾ ಕಾಮಿಡಿ ಥರಾನೇ ಇದೆ' ಅಂತ ನಗ್ತಾರೆ. ಕೆಟ್ಟ ಮನಸ್ಸಿನಿಂದಲ್ಲ. ಅವರ ಕಿವಿಗೆ ನಮ್ಮ ಮಾತು ಬಿದ್ದದ್ದೇ ಹಾಗೆ. ದಶಕಗಳ ಕಾಲ ತೆರೆಯ ಮೇಲೆ ಸಿಂಹಾಸನಕ್ಕೆ ಪುಸ್ತಕದ ಭಾಷೆ, ನಗಿಸುವ ಪಾತ್ರಕ್ಕೆ ನಮ್ಮ ಭಾಷೆ. ನನ್ನ ತಂಗಿ ಇಂಟರ್‌ವ್ಯೂಗೆ ಮೊದಲು ಇಂಗ್ಲಿಷ್ ಜೊತೆ 'ಬೆಂಗಳೂರು ಕನ್ನಡ'ವನ್ನೂ ಪ್ರಾಕ್ಟೀಸ್ ಮಾಡ್ತಾಳೆ. ಚೆನ್ನಮ್ಮನ ಸಮಾಧಿ ಇರುವ ಊರಲ್ಲಿ ಓದಿದ ಹುಡುಗಿ ತನ್ನ ಮಾತು ಮುಚ್ಚಿಟ್ಟುಕೊಳ್ಳೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

1961ರ ಸಿನಿಮಾ ನಮ್ಮ ರಾಣಿಯನ್ನು ಇಡೀ ನಾಡಿಗೆ ಕೊಟ್ಟಿತು, ಆ ಋಣ ದೊಡ್ಡದು. ಆಗಿನ ಕಾಲಕ್ಕೆ ಬೇಕಿದ್ದದ್ದೂ ಅದೇ. ಈಗಿನ ಕಾಲಕ್ಕೆ ಏನು ಬೇಕು? ಯಾರಾದ್ರೂ ಮತ್ತೆ ಚೆನ್ನಮ್ಮನ ಸಿನಿಮಾ ಮಾಡಲಿ. ಥ್ಯಾಕರೆಯ ಎದುರು ರಾಣಿ ನಮ್ಮಜ್ಜಿಯ ಕನ್ನಡದಲ್ಲೇ ಗದರಲಿ. ಥಿಯೇಟರಿನಲ್ಲಿ ಒಬ್ಬರೂ ನಗದಿದ್ದರೆ, ನಮ್ಮ ಕಾಲದವರು ಹೇಗಿದ್ದರು ಅಂತ ಮುಂದಿನವರಿಗೆ ಆ ಸಿನಿಮಾವೇ ಹೇಳುತ್ತೆ.